ಕಟ್ಟಿದ ಬಣ್ಣ, ಬಿಟ್ಟ ಬಣ್ಣ

ಬೇಲೂರಿನ ಚೆನ್ನಕೇಶವ ದೇಗುಲಕ್ಕೆ ಹೋದವರಿಗೆ ಮಾರ್ಗದರ್ಶಿಗಳು ತಪ್ಪದೆ ತೋರಿಸುವ ಇಬ್ಬರು ಮದನಿಕೆಯರಿದ್ದಾರೆ. ಒಬ್ಬಳ ಬಟ್ಟೆಯನ್ನು ಕೋತಿಯೊಂದು ಹಿಡಿದೆಳೆಯುತ್ತಿದೆ. ಇನ್ನೊಬ್ಬಳ ಬಟ್ಟೆಯೊಳಗೆ ಚೇಳು ಸೇರಿಕೊಂಡಿತಂತೆ. ಆಕೆ ಗಾಬರಿಯಲ್ಲಿ ಬಟ್ಟೆ ಕೊಡವಿದ್ದಾಳೆ, ಚೇಳು ಕೆಳಗಿನ ಪೀಠದ ಮೇಲೆ ಕುಳಿತಿದೆ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠಾಪಿಸಿದ ಈ ಗುಡಿಯಲ್ಲಿ, ಅದರ ಬೆನ್ನಿಗೇ ಎದ್ದ ಹಳೇಬೀಡಿನ ಹೊಯ್ಸಳೇಶ್ವರದಲ್ಲಿ ಒಡವೆಗಳನ್ನು ಎಣಿಸುವವರು ಬಹಳ. ಉಡುಗೆಯನ್ನು ನೋಡುವವರು ಕಡಿಮೆ. ತೊಡೆಗೆ ಅಂಟಿದಂತಿರುವ ತೆಳುಬಟ್ಟೆಯ ಮಡಿಕೆ, ಅಂಚು, ಇಳಿಬಿದ್ದ ಸೊಂಟಪಟ್ಟಿ ಎಲ್ಲವನ್ನೂ ಬಳಪದ ಕಲ್ಲು ಒಂಬೈನೂರು ವರ್ಷ ಜೋಪಾನವಾಗಿ ಕಾದಿದೆ. ಒಂದನ್ನು ಮಾತ್ರ ಹೇಳಲಾರದು: ಆ ಬಟ್ಟೆಯ ಬಣ್ಣ ಯಾವುದು, ಮತ್ತು ಒಗೆದರೆ ಅದು ನಿಲ್ಲುತ್ತಿತ್ತೆ?

ಪ್ರಶ್ನೆ ತಮಾಷೆಯದಲ್ಲ. ಹೊಸ ಕೆಂಪು ರವಿಕೆಯ ಜೊತೆ ನೆನೆಸಿದ ಬಿಳಿ ಪಂಚೆ ಗುಲಾಬಿಯಾಗಿ ಮೇಲೆದ್ದ ಸಂಕಟವನ್ನು ಕಾಣದ ಮನೆ ನಮ್ಮಲ್ಲಿ ಇರಲಾರದು. ಬಟ್ಟೆಗೆ ಬಣ್ಣ ಹಾಕುವುದನ್ನು ಕಲಿತ ದಿನದಿಂದ ಮನುಷ್ಯ ಆ ಬಣ್ಣವನ್ನು ಅಲ್ಲೇ ನಿಲ್ಲಿಸುವ ಉಪಾಯವನ್ನು ಹುಡುಕುತ್ತಲೇ ಬಂದಿದ್ದಾನೆ. ಮೊಹೆಂಜೊದಾರೊದಲ್ಲಿ ಬೆಳ್ಳಿಯ ಪಾತ್ರೆಯೊಂದಕ್ಕೆ ಅಂಟಿಕೊಂಡು ಉಳಿದ ಹತ್ತಿ ಬಟ್ಟೆಯ ಚೂರಿನಲ್ಲಿ ಮಂಜಿಷ್ಠದ ಜಾತಿಯ ಕೆಂಪು ಸಿಕ್ಕಿತು. ನಾಲ್ಕು ಸಾವಿರಕ್ಕೂ ಹೆಚ್ಚು ವರ್ಷ ನಿಂತ ಬಣ್ಣ ಅದು. ಹತ್ತಿಯ ಮೇಲೆ ಅಂಥ ಕೆಂಪು ತಾನಾಗಿ ನಿಲ್ಲುವುದಿಲ್ಲ. ನಿಲ್ಲಿಸುವ ವಿದ್ಯೆ ಅಷ್ಟು ಹಿಂದೆಯೇ ತಿಳಿದಿತ್ತು ಎಂದರ್ಥ.

ಈ ವಿದ್ಯೆಯ ಸಾರ ನಮ್ಮ ಮಾತಿನಲ್ಲೇ ಅಡಗಿದೆ. ಕನ್ನಡದಲ್ಲಿ ನೂಲಿಗೆ ಬಣ್ಣ 'ಕಟ್ಟುತ್ತಾರೆ'. ಒಗೆದಾಗ ಅದು ಹೋದರೆ ಬಟ್ಟೆ ಬಣ್ಣ 'ಬಿಟ್ಟಿತು' ಎನ್ನುತ್ತೇವೆ. ಕಟ್ಟುವುದು, ಬಿಡುವುದು: ಇಡೀ ರಸಾಯನಶಾಸ್ತ್ರ ಈ ಎರಡು ಕ್ರಿಯಾಪದಗಳಲ್ಲಿದೆ. (ಇಲ್ಲದ್ದನ್ನು ಸೇರಿಸಿ ಹೇಳುವವರೂ ಮಾತಿಗೆ ಬಣ್ಣ ಕಟ್ಟುತ್ತಾರೆ, ಆ ಬಣ್ಣ ಮೊದಲ ಒಗೆತಕ್ಕೇ ಹೋಗುತ್ತದೆ.) ಸಂಸ್ಕೃತದವರು ಇನ್ನೂ ಮುಂದೆ ಹೋದರು. ಅವರಿಗೆ 'ರಾಗ' ಎಂದರೆ ಬಣ್ಣವೂ ಹೌದು, ಪ್ರೀತಿಯೂ ಹೌದು. ಹದಿನಾಲ್ಕನೆಯ ಶತಮಾನದ ವಿಶ್ವನಾಥ ತನ್ನ 'ಸಾಹಿತ್ಯದರ್ಪಣ'ದಲ್ಲಿ ಪೂರ್ವರಾಗವನ್ನು, ಅಂದರೆ ಕೂಡುವ ಮುಂಚಿನ ಒಲವನ್ನು, ಮೂರು ಬಗೆ ಮಾಡುತ್ತಾನೆ. ಹೊರಗೆ ಹೆಚ್ಚು ಮೆರೆಯದೆ, ಆದರೆ ಎಂದೂ ಅಳಿಯದೆ ಇರುವ ಒಲವು ನೀಲಿಯದು. ಥಳಥಳಿಸಿ ಬೇಗ ಹೋಗಿಬಿಡುವ ಒಲವು ಕುಸುಬೆಯದು. ಮೆರೆಯುತ್ತಲೂ ಇದ್ದು ಅಳಿಯದೆಯೂ ಉಳಿಯುವುದು ಮಂಜಿಷ್ಠದ ಒಲವು. ಅಲಂಕಾರಶಾಸ್ತ್ರದ ಈ ಲಕ್ಷಣ ಹುಟ್ಟಿದ್ದು ಅಗಸರ ಕಲ್ಲಿನ ಮೇಲೆ ಎಂದು ನನ್ನ ಗುಮಾನಿ. ಮೂರು ಬಣ್ಣಗಳನ್ನೂ ಒಗೆದು ನೋಡಿದವರ ಅನುಭವ ಕಿವಿಗೆ ಬೀಳದಿದ್ದರೆ ಪಂಡಿತನಿಗೆ ಇಷ್ಟು ಖಚಿತವಾಗಿ ಹೊಳೆಯುತ್ತಿರಲಿಲ್ಲ.

ಏಕೆಂದರೆ ಲೆಕ್ಕ ಸರಿಯಾಗಿದೆ. ಇಂದು ನಾವು ಎಣ್ಣೆಗಾಗಿ ಬೆಳೆಯುವ ಕುಸುಬೆಯ ಹೂವಿನಿಂದ ಹಿಂದೆ ಮದುವೆ, ಹಬ್ಬಗಳಿಗೆ ಒಪ್ಪುವ ಗುಲಾಬಿಗೆಂಪು ತೆಗೆಯುತ್ತಿದ್ದರು. ಆದರೆ ಆ ಕೆಂಪು ಕ್ಷಾರದಲ್ಲಿ ಕರಗುತ್ತದೆ. ಅಗಸರು ಬಟ್ಟೆಗೆ ಹಾಕುತ್ತಿದ್ದುದು ಸವುಳು ಮಣ್ಣು, ಬೂದಿ ನೀರು, ಎರಡೂ ಕ್ಷಾರವೇ. ಹೊಯ್ಸಳ ನಾಡಿನ ಈ ಊರುಗಳನ್ನೇ ನೋಡಿ: ಅರಸೀಕೆರೆಯ ಹೆಸರಿನಲ್ಲೇ ಅರಸಿಯ ಕೆರೆಯಿದೆ, ಹಳೇಬೀಡಿನ ಹಳೆಯ ಹೆಸರು ದೋರಸಮುದ್ರ, ಬೇಲೂರು ಯಗಚಿಯ ದಡದ್ದು. ನೀರಿದ್ದ ಕಡೆಯಲ್ಲೆಲ್ಲ ಮಡಿವಾಳರ ಕಲ್ಲು ಇರುತ್ತಿತ್ತು. ಹನ್ನೆರಡನೆಯ ಶತಮಾನದ ಶರಣರಲ್ಲಿ ಮಡಿವಾಳ ಮಾಚಿದೇವನಂಥವನಿಗೆ ಕಲ್ಯಾಣದಲ್ಲಿ ಇದ್ದ ಗೌರವ ನಮಗೆಲ್ಲ ಗೊತ್ತು. ಬಣ್ಣಗಾರನ ಕೆಲಸದ ಗಟ್ಟಿತನಕ್ಕೆ ಸರ್ಟಿಫಿಕೇಟು ಕೊಡುತ್ತಿದ್ದವರು ಮಡಿವಾಳರೇ.

ಅದೇ ಕಾಲಕ್ಕೆ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಹೆಸರಿನಲ್ಲಿ ಬಂದ 'ಮಾನಸೋಲ್ಲಾಸ'ದಲ್ಲಿ ಅರಸನ ಉಡುಪಿನ ಬಗ್ಗೆಯೇ ಒಂದು ಭಾಗವಿದೆ. ಋತುವಿಗೆ ತಕ್ಕ ಬಟ್ಟೆ, ಬಗೆಬಗೆಯ ಬಣ್ಣಗಳ ಮಾತು ಅಲ್ಲಿ ಬರುತ್ತದೆ. ಶಾಸನಗಳಲ್ಲಿ ಗಾಣದೆರೆಯ ಜೊತೆಗೆ ಮಗ್ಗದೆರೆಯೂ ಕಾಣಿಸುತ್ತದೆ. ಮಗ್ಗವಿದ್ದಲ್ಲಿ ಬಣ್ಣದ ಹಂಡೆಯೂ ಬೇಕು. ನೀಲಗಾರ, ಬಣ್ಣಗಾರ, ರಂಗರೇಜ ಎಂಬ ಮನೆತನದ ಹೆಸರುಗಳು ಉತ್ತರ ಕರ್ನಾಟಕದಲ್ಲಿ ಇಂದಿಗೂ ಉಳಿದಿವೆ. ಅವನ್ನು ಹೊತ್ತ ಬಹಳ ಮಂದಿ ಈಗ ಬೇರೆ ಬೇರೆ ಉದ್ಯೋಗಗಳಲ್ಲಿದ್ದಾರೆ.

ಹಾಗಾದರೆ ಅವರು ಬಣ್ಣವನ್ನು ಕಟ್ಟುತ್ತಿದ್ದುದು ಹೇಗೆ? ಉತ್ತರಕ್ಕೆ ಅರಸೀಕೆರೆಯ ತೆಂಗಿನ ತೋಟಕ್ಕೆ ಹೋಗಬೇಕು. ಎಳನೀರು ಕುಡಿಯುವಾಗ ಬಿಳಿ ಅಂಗಿಯ ಮೇಲೆ ನಾಲ್ಕು ಹನಿ ಚೆಲ್ಲಿಕೊಂಡವರಿಗೆ ತಿಳಿದ ಸಂಗತಿ ಇದು. ಬಿದ್ದಾಗ ಅದು ನೀರಿನಂತೆಯೇ ಇರುತ್ತದೆ. ಸಂಜೆಗೆ ಕಂದು, ಸೋಪು ಹಾಕಿದರೆ ಇನ್ನೂ ಕಂದು, ಆಮೇಲೆ ಅಂಗಿ ಹರಿಯುವ ತನಕ ಹೋಗದು. ಬಾಳೆದಿಂಡಿನ ರಸ, ಗೇರುಹಣ್ಣು, ಅಡಿಕೆಯ ಚೊಗರು ಎಲ್ಲದರ ಕಥೆಯೂ ಇದೇ. ದುಡ್ಡು ಕೊಟ್ಟು ತಂದ ಕೆಂಪು ಹೋಗುತ್ತದೆ, ಬೇಡವಾದ ಕಲೆ ನಿಲ್ಲುತ್ತದೆ! ಗುಟ್ಟು ಒಗರಿನಲ್ಲಿದೆ. ಒಗರು ಕೊಡುವ ವಸ್ತುಗಳು ಗಾಳಿಗೆ ಸಿಕ್ಕು ಕಪ್ಪಾಗಿ, ದೊಡ್ಡ ಕಣಗಳಾಗಿ, ಹತ್ತಿಯ ಎಳೆಯನ್ನು ಬಿಗಿಯಾಗಿ ಹಿಡಿದುಬಿಡುತ್ತವೆ.

ಹಳೆಯ ಬಣ್ಣಗಾರರು ಮಾಡಿದ್ದು ಈ ಕಲೆಯನ್ನೇ ಪಳಗಿಸುವ ಕೆಲಸ. ಹತ್ತಿ ಸ್ವಭಾವತಃ ಯಾರನ್ನೂ ಬೇಗ ಹತ್ತಿರ ಸೇರಿಸದು; ರೇಷ್ಮೆ, ಉಣ್ಣೆಗಳಿಗೆ ಇರುವ ಸಲಿಗೆ ಅದಕ್ಕಿಲ್ಲ. ಆದ್ದರಿಂದ ಮೊದಲು ಬಟ್ಟೆಯನ್ನು ಅಳಲೆಕಾಯಿಯ ಒಗರು ನೀರಿನಲ್ಲಿ ನೆನೆಸಿ ಒಣಗಿಸುತ್ತಿದ್ದರು. ಆಮೇಲೆ ಪಟಿಕದ ನೀರು. ಪಟಿಕದೊಳಗಿನ ಅಲ್ಯೂಮಿನಿಯಂ ಒಗರನ್ನು ಹಿಡಿದು ಎಳೆಯಲ್ಲಿ ಕೂರುತ್ತದೆ. ಕೊನೆಗೆ ಮಂಜಿಷ್ಠ ಅಥವಾ ಮಡ್ಡಿಯ ಬೇರಿನ ಕಷಾಯದಲ್ಲಿ ಕುದಿಸಿದರೆ ಬಣ್ಣ ಬಂದು ಆ ಅಲ್ಯೂಮಿನಿಯಂ ಜೊತೆ ಗಂಟು ಬೀಳುತ್ತದೆ. ನೀರಿನಲ್ಲಿ ಕರಗುತ್ತಿದ್ದ ಎರಡು ವಸ್ತುಗಳು ಕೂಡಿ ಕರಗದ ಮೂರನೆಯದಾಗುತ್ತವೆ. ಪಟಿಕದಂಥ ವಸ್ತುವಿಗೆ ಪುಸ್ತಕದ ಹೆಸರು ವರ್ಣಬಂಧಕ. ನನಗೆ ಅದು ಮದುವೆ ದಲ್ಲಾಳಿಯಂತೆ ಕಾಣುತ್ತದೆ. ಹೆಣ್ಣು ಗಂಡನ್ನು ಕೂಡಿಸಿ, ಮದುವೆಯಾದ ಮೇಲೂ ಮನೆ ಬಿಟ್ಟು ಹೋಗದ ದಲ್ಲಾಳಿ. ಪಟಿಕದ ಬದಲು ತುಕ್ಕು ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ಕೊಳೆಹಾಕಿದ ರಸ ಬಳಸಿದರೆ ಒಗರಿನ ಜೊತೆ ಸೇರಿ ಗಟ್ಟಿ ಕಪ್ಪು ಬರುತ್ತದೆ.

ನೀಲಿಯ ದಾರಿ ಬೇರೆ. ಅದಕ್ಕೆ ದಲ್ಲಾಳಿ ಬೇಡ. ನೀಲಿ ನೀರಿನಲ್ಲಿ ಕರಗುವುದೇ ಇಲ್ಲ. ಅದೇ ಅದರ ಶಕ್ತಿ, ಅದೇ ತೊಡಕು. ಸುಣ್ಣ, ತಗಚೆ ಬೀಜಗಳನ್ನು ಸೇರಿಸಿ ಗುಡಾಣದಲ್ಲಿ ಹುಳಿಯಿಸಿದಾಗ ಅದು ತನ್ನ ಬಣ್ಣ ಕಳೆದುಕೊಂಡು ಕರಗುತ್ತದೆ. ಅದರಲ್ಲಿ ಅದ್ದಿದ ನೂಲು ಮೇಲೆ ಬಂದಾಗ ಹಳದಿ ಹಸಿರು. ಗಾಳಿ ತಾಗಿದಂತೆ ನೋಡನೋಡುತ್ತ ನೀಲಿ. ಎಳೆಯೊಳಗೆ ಕರಗಿ ಹೋದದ್ದು ಅಲ್ಲೇ ಕರಗದಂತಾಗಿ ಸಿಕ್ಕಿಬೀಳುತ್ತದೆ. ಹೀಗೆ ಹತ್ತಾರು ಸಲ ಅದ್ದಿದರೆ ಕಪ್ಪಿಗೆ ಹತ್ತಿರ. ಕಸೂತಿಗೆ ಹೆಸರಾದ ಚಂದ್ರಕಾಳಿ ಸೀರೆಯ ಕಪ್ಪು ಅಂಥದ್ದು. ನೀಲಿ ಉಜ್ಜಿದರೆ ಸವೆಯುತ್ತದೆ, ನೀರಿಗೆ ಬಿಡುವುದು ಕಡಿಮೆ. ಜೀನ್ಸ್ ಪ್ಯಾಂಟಿನ ಮೊಣಕಾಲು ಮಾತ್ರ ಬಿಳುಚುವುದು ಏಕೆ ಎಂಬುದಕ್ಕೆ ಇಲ್ಲಿ ಕಾರಣವಿದೆ.

ಟಿಪ್ಪು ಮಡಿದ ಬಳಿಕ, 1800-01ರಲ್ಲಿ ಕಂಪನಿ ಸರ್ಕಾರದ ಆಜ್ಞೆಯಂತೆ ಮೈಸೂರು ಸೀಮೆಯನ್ನು ಸುತ್ತಿದ ವೈದ್ಯ ಫ್ರಾನ್ಸಿಸ್ ಬುಕಾನನ್ ಬೆಂಗಳೂರಿನಲ್ಲಿ ನೇಯ್ಗೆಯವರನ್ನೂ ಬಣ್ಣಗಾರರನ್ನೂ ಕೂರಿಸಿಕೊಂಡು ಅವರ ವಿಧಾನಗಳನ್ನು ಬರೆದುಕೊಂಡ. ದಕ್ಷಿಣದ ಬೇರುಗೆಂಪಿನ ಪದ್ಧತಿಯೇ ದೀರ್ಘವಾದದ್ದು: ಎಣ್ಣೆ ಮತ್ತು ಬೂದಿ ನೀರಿನಲ್ಲಿ ನೂಲನ್ನು ಅದ್ದುವುದು, ಬಿಸಿಲಿಗೆ ಹರಡುವುದು, ಮತ್ತೆ ಅದ್ದುವುದು, ಹೀಗೆ ದಿನಗಟ್ಟಲೆ. ಅವಸರ ಮಾಡಿದರೆ ಬಣ್ಣ ಬಿಡುತ್ತದೆ. ಹಾಗಾಗಿ ಗಟ್ಟಿ ಬಣ್ಣಕ್ಕೆ ಬೆಲೆ ಜಾಸ್ತಿ. ಬಡವರು ಬಿಳಿ ಉಟ್ಟರು, ಇಲ್ಲವೆ ಅರಿಸಿನ, ಕುಸುಬೆಯಂಥ ಬಿಡುವ ಬಣ್ಣಗಳನ್ನು ಉಟ್ಟು ಹಬ್ಬಕ್ಕೊಮ್ಮೆ ಮತ್ತೆ ಅದ್ದಿಕೊಂಡರು. ನೈಸರ್ಗಿಕ ಬಣ್ಣವೆಲ್ಲ ಗಟ್ಟಿ, ರಾಸಾಯನಿಕವೆಲ್ಲ ಕಳಪೆ ಎಂದು ಈಗ ಕೆಲವರು ಹೇಳುವುದುಂಟು. ಅದು ನಿಜವಲ್ಲ. ಅರಿಸಿನಕ್ಕಿಂತ ನೈಸರ್ಗಿಕ ಯಾವುದು, ಅದಕ್ಕಿಂತ ಬೇಗ ಹೋಗುವುದು ಯಾವುದು?

1856ರಲ್ಲಿ ಲಂಡನ್ನಿನ ಹದಿನೆಂಟರ ಹುಡುಗ ವಿಲಿಯಂ ಪರ್ಕಿನ್ ಡಾಂಬರಿನಿಂದ ಬಂದ ವಸ್ತುವಿನಲ್ಲಿ ಕ್ವಿನೈನ್ ಮಾಡಲು ಹೋಗಿ ನೇರಳೆ ಬಣ್ಣ ಪಡೆದ. ಹನ್ನೆರಡು ವರ್ಷದಲ್ಲಿ ಜರ್ಮನಿಯ ಗ್ರೇಬೆ ಮತ್ತು ಲೀಬರ್‌ಮನ್ ಮಂಜಿಷ್ಠದ ಕೆಂಪನ್ನೇ ಪ್ರಯೋಗಶಾಲೆಯಲ್ಲಿ ಮಾಡಿದರು. 1897ರಲ್ಲಿ ಬಿಎಎಸ್‌ಎಫ್ ಕಂಪನಿ ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದಿತು. ಇವೆರಡೂ ಬೇರಿನ, ಎಲೆಯ ಬಣ್ಣಗಳಷ್ಟೇ ಗಟ್ಟಿ. ರೈತನನ್ನು ಕೆಡಿಸಿದವು, ಬಟ್ಟೆಯನ್ನು ಕೆಡಿಸಲಿಲ್ಲ.

ಬಟ್ಟೆ ಕೆಡಿಸಿದ್ದು 1884ರ ಒಂದು ಕೆಂಪು. ಪಾಲ್ ಬೊಟಿಗರ್ ಎಂಬ ಜರ್ಮನ್ ರಸಾಯನವಿಜ್ಞಾನಿ ಕಂಡುಹಿಡಿದ ಅದನ್ನು ಬರ್ಲಿನ್ನಿನ ಆಗ್ಫಾ ಕಂಪನಿ ಕಾಂಗೊ ಕೆಂಪು ಎಂದು ಕರೆಯಿತು. ಬಣ್ಣಕ್ಕೂ ಕಾಂಗೊಗೂ ಏನೂ ಸಂಬಂಧವಿಲ್ಲ. ಆಗ ಬರ್ಲಿನ್ನಿನಲ್ಲಿ ಆಫ್ರಿಕವನ್ನು ಹಂಚಿಕೊಳ್ಳುವ ಸಮ್ಮೇಳನ ನಡೆದು ಪತ್ರಿಕೆಗಳ ತುಂಬ ಕಾಂಗೊ ಎಂಬ ಹೆಸರಿತ್ತು, ಅಷ್ಟೆ. ಇದರ ಮಹಿಮೆ ಏನೆಂದರೆ ಅಳಲೆ ಬೇಡ, ಪಟಿಕ ಬೇಡ, ಎಣ್ಣೆ ಬಿಸಿಲು ಬೇಡ. ಬಿಸಿನೀರಿಗೆ ಪುಡಿ, ಒಂದಿಷ್ಟು ಉಪ್ಪು, ಹತ್ತಿ ಬಟ್ಟೆ. ಅರ್ಧ ದಿನದಲ್ಲಿ ಕೆಲಸ ಮುಗಿಯಿತು. ಬಣ್ಣ ಎಳೆಯ ಪಕ್ಕ ಅಂಟಿ ಮಲಗುತ್ತದೆ, ಗಂಟು ಬೀಳುವುದಿಲ್ಲ. ಆದ್ದರಿಂದ ನೀರು ಕಂಡೊಡನೆ ಎದ್ದು ಹೊರಡುತ್ತದೆ. ನಿಂಬೆಯಂಥ ಹುಳಿ ಬಿದ್ದರೆ ಅಲ್ಲಿ ನೀಲಿಯ ಕಡೆ ತಿರುಗುವ ಚಾಳಿ ಬೇರೆ. ಆದರೂ ಅಗ್ಗ, ಸುಲಭ. ಇದರ ಹಿಂದೆ ಇಂಥ ನೂರಾರು 'ನೇರ ಬಣ್ಣ'ಗಳು ಬಂದವು.

ಬೆಂಗಳೂರು–ಹರಿಹರ ರೈಲುದಾರಿ ಅರಸೀಕೆರೆಯ ಮೇಲೆ ಹಾದು 1889ರ ಹೊತ್ತಿಗೆ ಪೂರ್ತಿಯಾಯಿತು. 1918ಕ್ಕೆ ಮೈಸೂರಿನ ದಾರಿಯೂ ಸೇರಿ ಊರು ಜಂಕ್ಷನ್ ಆಯಿತು. ಕೊಬ್ಬರಿ ಹೊರಗೆ ಹೋದ ರೈಲುಗಳೇ ಗಿರಣಿ ಬಟ್ಟೆಯನ್ನೂ ಡಬ್ಬಿ ಬಣ್ಣಗಳನ್ನೂ ಒಳನಾಡಿಗೆ ತಂದವು. ಹಿಂದೆ ಬಿಳಿ ಉಡುತ್ತಿದ್ದವರು ಬಣ್ಣ ಉಟ್ಟರು. ಇದನ್ನು ಹಳಿಯಲು ನನಗೆ ಮನಸ್ಸಿಲ್ಲ. ಬಣ್ಣ ಎಲ್ಲರ ಮೈಗೆ ಬಂದದ್ದು ಆಗಲೇ. ಅದರ ಜೊತೆಗೇ 'ಪಕ್ಕಾ ಬಣ್ಣ, ಗ್ಯಾರಂಟಿ' ಎಂಬ ಅಂಗಡಿ ಮಾತೂ, 'ಮೊದಲ ಸಲ ಉಪ್ಪು ನೀರಿನಲ್ಲಿ ನೆನೆಸು' ಎಂಬ ಅಜ್ಜಿಯರ ಮಾತೂ ಹುಟ್ಟಿಕೊಂಡವು.

ಉಪ್ಪಿನ ಮಾತು ಸುಳ್ಳೆ? ಅರ್ಧ ನಿಜ. ಬಣ್ಣದ ಹಂಡೆಯಲ್ಲಿ ಉಪ್ಪು ನೇರ ಬಣ್ಣವನ್ನು ನೀರಿನಿಂದ ಓಡಿಸಿ ಬಟ್ಟೆಯ ಕಡೆಗೆ ನೂಕುತ್ತದೆ. ಹಾಗೆಯೇ ತಣ್ಣನೆಯ ಉಪ್ಪು ನೀರಿನಲ್ಲಿ ನೆನೆಸಿದ ಬಟ್ಟೆ ಅಷ್ಟು ಹೊತ್ತು ಬಣ್ಣ ಬಿಡಲು ಹಿಂಜರಿಯುತ್ತದೆ. ಆದರೆ ಉಪ್ಪು ಗಂಟು ಹಾಕದು. ಮುಂದಿನ ವಾರ ಬರೀ ನೀರಿಗೆ ಹಾಕಿದರೆ ಮತ್ತೆ ಅದೇ ಕಥೆ. ವಿನೆಗರ್ ಮಾತೂ ಹೀಗೆಯೇ: ರೇಷ್ಮೆ, ಉಣ್ಣೆಗೆ ಹಾಕುವ ಕೆಲವು ಬಣ್ಣಗಳು ಹುಳಿಯಲ್ಲಿ ಬಿಗಿಯಾಗುತ್ತವೆ, ಹತ್ತಿಗೆ ಅದರಿಂದ ಪ್ರಯೋಜನವಿಲ್ಲ. ಕೆಲಸಕ್ಕೆ ಬರುವ ಮನೆಮದ್ದು ಸಪ್ಪೆಯಾದದ್ದು: ಬೇರೆಯಾಗಿ, ತಣ್ಣೀರಿನಲ್ಲಿ, ಬೇಗ ಒಗೆದು, ಒದ್ದೆ ಮುದ್ದೆಯಾಗಿ ಬಿಡದೆ ನೆರಳಿನಲ್ಲಿ ಹರಡುವುದು. ಎರಡು ಮೂರು ಒಗೆತಕ್ಕೆ ಬಣ್ಣ ಬಿಡುವುದು ನಿಂತರೆ ಅದು ಮೇಲೆ ಉಳಿದ ಹೆಚ್ಚುವರಿ ಬಣ್ಣ. ಹತ್ತನೆಯ ಒಗೆತಕ್ಕೂ ನೀರು ಕೆಂಪಾದರೆ ಗಂಟೇ ಬಿದ್ದಿಲ್ಲ ಎಂದು ತಿಳಿಯಬೇಕು.

ಬಣ್ಣ ಬಿಡುವುದನ್ನೇ ಬಂಡವಾಳ ಮಾಡಿದವರೂ ಉಂಟು. 1958ರ ಸುಮಾರಿಗೆ, ಮುಂದೆ ಲೀಲಾ ಹೋಟೆಲುಗಳನ್ನು ಕಟ್ಟಿದ ಕ್ಯಾಪ್ಟನ್ ಕೃಷ್ಣನ್ ನಾಯರ್ ಅವರಿಂದ ಅಮೆರಿಕದ ವರ್ತಕನೊಬ್ಬ ಮದರಾಸಿನ ಕೈಮಗ್ಗದ ಚೌಕುಳಿ ಬಟ್ಟೆ ಕೊಂಡೊಯ್ದ. ತಣ್ಣೀರಿನಲ್ಲೇ ಒಗೆಯಬೇಕೆಂಬ ಎಚ್ಚರಿಕೆ ಗಿರಾಕಿಗಳಿಗೆ ಮುಟ್ಟಲಿಲ್ಲ. ನ್ಯೂಯಾರ್ಕಿನ ಮನೆಗಳಲ್ಲಿ ಬಣ್ಣ ಹರಿದು ದೂರುಗಳು ಬಂದವು. ಕೋರ್ಟಿನ ತನಕ ಹೋಗಬಹುದಾಗಿದ್ದ ಜಗಳ ಜಾಹೀರಾತಿನಲ್ಲಿ ಮುಗಿಯಿತು: ಒಗೆದಂತೆಲ್ಲ ಬಣ್ಣಗಳು ಒಂದರೊಳಗೊಂದು ಬೆರೆಯುವ ಅಪೂರ್ವ ಬಟ್ಟೆ, ಬಣ್ಣ ಬಿಡುವುದಕ್ಕೆ ಗ್ಯಾರಂಟಿ! ಜನ ಮುಗಿಬಿದ್ದು ಕೊಂಡರು. ನಾಯರ್ ಅವರೇ ಈ ಕಥೆಯನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ಸ್ವಲ್ಪ ಬಣ್ಣ ಕಟ್ಟಿದ್ದರೂ ಇರಬಹುದು.

ಆದರೆ ಎಲ್ಲ ಬಟ್ಟೆಗೂ ಇಂಥ ಅದೃಷ್ಟವಿಲ್ಲ. ಕೇಸರಿ ಬಿಳಿಯ ಮೇಲೆ ಹರಿಯಲೇಬಾರದ ಬಟ್ಟೆಯೊಂದಿದೆ, ರಾಷ್ಟ್ರಧ್ವಜ. ಸ್ವತಂತ್ರ ಭಾರತ ತನ್ನ ಮಾನಕಗಳನ್ನು ಬರೆಯಲು ಕುಳಿತಾಗ ಐಎಸ್ 1 ಎಂಬ ಮೊದಲ ಸಂಖ್ಯೆಯನ್ನು ಧ್ವಜಕ್ಕೇ ಕೊಟ್ಟಿತು. 1951ರ ಆ ಮಾನಕವನ್ನು 1968ರಲ್ಲಿ ಪರಿಷ್ಕರಿಸಲಾಯಿತು. ನೂಲು, ಅಳತೆಗಳ ಜೊತೆ ಬಣ್ಣ ಎಷ್ಟು ಗಟ್ಟಿಯಿರಬೇಕು ಎಂಬುದೂ ಅದರಲ್ಲಿದೆ. ಧಾರವಾಡದ ಬಳಿಯ ಗರಗ ಧ್ವಜದ ಖಾದಿಗೆ ಹೆಸರಾಯಿತು. ಹುಬ್ಬಳ್ಳಿ ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಮಾನಕದ ಮುದ್ರೆಯೊಡನೆ ಧ್ವಜ ಮಾಡಿ ದೇಶಕ್ಕೆಲ್ಲ ಕಳಿಸಿತು. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆ ತಿದ್ದಿ ಪಾಲಿಯೆಸ್ಟರ್‌ಗೂ ಯಂತ್ರದ ನೇಯ್ಗೆಗೂ ಅವಕಾಶ ಕೊಟ್ಟ ಮೇಲೆ ಆ ಕೈಗಳಿಗೆ ಪೆಟ್ಟು ಬಿದ್ದಿದೆ.

ಗಟ್ಟಿ ಬಣ್ಣವನ್ನು ಅಳೆಯುವ ಕ್ರಮ ಈಗ ಜಗತ್ತಿಗೆಲ್ಲ ಒಂದೇ. ಬಣ್ಣದ ಚೂರಿಗೆ ಬಿಳಿ ಬಟ್ಟೆ ಹೊಲಿದು ಸೋಪಿನ ಬಿಸಿನೀರಿನಲ್ಲಿ ಕುಲುಕಿ, ಬಿಳಿಗೆ ಎಷ್ಟು ಹತ್ತಿತೆಂದು ಬೂದುಬಣ್ಣದ ಪಟ್ಟಿಯೊಡನೆ ಹೋಲಿಸಿ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. ಐದು ಎಂದರೆ ಬಿಳಿ ಬಿಳಿಯಾಗಿಯೇ ಉಳಿಯಿತು. ಹಾಸನದ ಕೈಗಾರಿಕಾ ಪ್ರದೇಶದಲ್ಲಿ ಈಗ ರಫ್ತಿಗಾಗಿ ಹಾಸಿಗೆ ಹೊದಿಕೆ ಮಾಡುವ ದೊಡ್ಡ ಕಾರ್ಖಾನೆಯಿದೆ; ಹೊರದೇಶಕ್ಕೆ ಬಟ್ಟೆ ಕಳಿಸುವವರು ಇಂಥ ಅಂಕಗಳನ್ನು ತೋರಿಸಲೇಬೇಕು. ಮಡಿವಾಳರ ಸರ್ಟಿಫಿಕೇಟು ಕಾಗದಕ್ಕೆ ಬಂದಿದೆ.

ಬಿಟ್ಟ ಬಣ್ಣ ಬಿಳಿ ಪಂಚೆಗೆ ಮಾತ್ರ ಹೋಗುವುದಿಲ್ಲ, ಬೆವರಿನೊಡನೆ ಮೈಗೆ, ಚೀಪುವ ಮಗುವಿನ ಬಾಯಿಗೂ ಹೋಗುತ್ತದೆ ಎಂಬ ಎಚ್ಚರ ತಡವಾಗಿ ಬಂತು. ಕಾಂಗೊ ಕೆಂಪಿನ ಮೂಲವಸ್ತು ಬೆಂಜಿಡಿನ್ ಕ್ಯಾನ್ಸರ್‌ಕಾರಕ. ಬಣ್ಣದ ಕಾರ್ಖಾನೆಗಳ ಕೆಲಸಗಾರರು ಮೂತ್ರಕೋಶದ ಕ್ಯಾನ್ಸರಿನಿಂದ ಅದಕ್ಕೆ ಬೆಲೆ ತೆತ್ತರು. ಭಾರತ ಸರ್ಕಾರ 1990ರ ದಶಕದಲ್ಲಿ ಇಂಥ ನೂರಕ್ಕೂ ಹೆಚ್ಚು ಬಣ್ಣಗಳನ್ನು ನಿಷೇಧಿಸಿತು.

ಅಷ್ಟರಲ್ಲಿ ಹೊಸ ಗಂಟು ಸಿಕ್ಕಿತ್ತು. 1954ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯ ರ್‍ಯಾಟಿ ಮತ್ತು ಸ್ಟೀಫನ್ ಎಂಬ ವಿಜ್ಞಾನಿಗಳು ದಲ್ಲಾಳಿಯಿಲ್ಲದೆ ನೇರವಾಗಿ ಹತ್ತಿಯ ಅಣುವಿಗೇ ಬೆಸೆದುಕೊಳ್ಳುವ ಬಣ್ಣ ಕಂಡುಹಿಡಿದರು. ಪರ್ಕಿನ್ನನ ಸರಿಯಾಗಿ ನೂರು ವರ್ಷಕ್ಕೆ, 1956ರಲ್ಲಿ, ಅದು ಪ್ರೋಸಿಯಾನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಇಂದು ನಾವು ತೊಡುವ ಬನಿಯನ್ನು, ಟೀ ಶರ್ಟುಗಳ ಬಣ್ಣ ಬಹುಪಾಲು ಇದರ ವಂಶದ್ದೇ. ಚೆನ್ನಾಗಿ ಹಾಕಿದ್ದರೆ ಬಟ್ಟೆ ಹರಿಯುತ್ತದೆ, ಬಣ್ಣ ಬಿಡದು. ಆದರೆ ಹಂಡೆಗೆ ಸುರಿದ ಬಣ್ಣದಲ್ಲಿ ಒಂದು ಪಾಲು ಬಟ್ಟೆಯ ಬದಲು ನೀರಿನ ಜೊತೆಗೇ ಬೆಸೆದು ವ್ಯರ್ಥವಾಗುತ್ತದೆ. ಗಾಢ ಬಣ್ಣಕ್ಕೆ ಲೀಟರಿಗೆ 50 ಗ್ರಾಮಿಗೂ ಹೆಚ್ಚು ಉಪ್ಪು ಬೇಕು. ಆ ಬಣ್ಣ, ಆ ಉಪ್ಪು ಎಲ್ಲಿಗೆ ಹೋಗಬೇಕು?

ತಮಿಳುನಾಡಿನ ತಿರುಪ್ಪೂರಿನಲ್ಲಿ ಅದು ನೊಯ್ಯಲ್ ನದಿಗೆ ಹೋಯಿತು. 1992ರಲ್ಲಿ ನೀರಾವರಿಗೆಂದು ಮುಗಿದ ಒರತ್ತುಪಾಳಯಂ ಅಣೆಕಟ್ಟು ಬಣ್ಣದ ನೀರಿನ ತೊಟ್ಟಿಯಾಯಿತು. ಕೆಳಗಿನ ರೈತರ ತೆಂಗು, ಹೊಲ, ಬಾವಿ ಉಪ್ಪಾದವು. ಅವರು ಹೋರಾಡಿದ ಫಲವಾಗಿ 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ತಿರುಪ್ಪೂರಿನ ಬಣ್ಣದ ಘಟಕಗಳನ್ನು ಮುಚ್ಚಿಸಿತು. ಅಂದರೆ ಬಣ್ಣ ಬಿಡುವುದು ನಿಂತಿರಲಿಲ್ಲ, ಸ್ಥಳ ಬದಲಿಸಿತ್ತು. ನಮ್ಮ ಬಚ್ಚಲಿನ ಬಕೀಟಿನಲ್ಲಿ ಆಗುತ್ತಿದ್ದದ್ದು ಯಾರದೋ ಊರಿನ ಹೊಳೆಯಲ್ಲಿ ಆಗುತ್ತಿತ್ತು. ಹಳೆಯ ಬಣ್ಣಗಾರರೂ ಹೊಳೆಯಲ್ಲೇ ಜಾಲಾಡಿಸುತ್ತಿದ್ದರು, ನಿಜ. ಆದರೆ ಆಗ ಹೊಳೆಗೆ ಬೀಳುತ್ತಿದ್ದದ್ದು ಬೇರಿನ ಕಷಾಯ, ಅದೂ ಹಂಡೆಗಳ ಲೆಕ್ಕದಲ್ಲಿ.

ಸಾಗರದ ಬಳಿ ಹೆಗ್ಗೋಡಿನ ಕಡೆ 1990ರ ದಶಕದಲ್ಲಿ ರಂಗಕರ್ಮಿ ಪ್ರಸನ್ನ ಕಟ್ಟಿದ 'ಚರಕ'ದ ಹೆಣ್ಣುಮಕ್ಕಳು ಅಡಿಕೆ ಬೇಯಿಸಿ ಉಳಿದ ಚೊಗರನ್ನೇ ಬಣ್ಣವಾಗಿಸಿ ಕೈಮಗ್ಗದ ಬಟ್ಟೆ ತಂದರು. ಎಳನೀರಿನ ಕಲೆಯ ಅದೇ ಒಗರು ಇಲ್ಲಿ ಮತ್ತೆ ಕೆಲಸಕ್ಕೆ ಬಂತು. ಊರಿಗೆಲ್ಲ ಅಂಗಿ ಹೊಲಿಸುವಷ್ಟು ಚೊಗರು ಎಲ್ಲಿಂದ ಎಂದು ಕೇಳಬಹುದು, ಕೇಳಬೇಕು. ಆ ಕೆಂಗಂದು, ಬೂದು, ಹಳದಿಗಳು ಬಿಟ್ಟರೆ ಎಲ್ಲ ಬಣ್ಣವೂ ಅದರಲ್ಲಿ ಸಿಗದು.

ತಿರುಪ್ಪೂರಿನ ಘಟಕಗಳು ಆಮೇಲೆ ಸಾಮೂಹಿಕ ಶುದ್ಧೀಕರಣ ಕೇಂದ್ರಗಳನ್ನು ಕಟ್ಟಿಕೊಂಡು ಮತ್ತೆ ಬಾಗಿಲು ತೆರೆದವು. ಈಗ ಅಲ್ಲಿ ಬಣ್ಣದ ನೀರನ್ನು ಸೋಸಿ, ಉಳಿದದ್ದನ್ನು ಕುದಿಸಿ, ಉಪ್ಪನ್ನು ಬೇರ್ಪಡಿಸಿ ಹಂಡೆಗೆ ಮರಳಿಸುತ್ತಾರೆ. ಇದಕ್ಕೆ ತಗಲುವ ಖರ್ಚು ನಾವು ಕೊಳ್ಳುವ ಅಂಗಿಯ ಬೆಲೆಯಲ್ಲಿ ಸೇರಿರುತ್ತದೆ. ಇಂಥ ಖರ್ಚು ಸೇರದ ಅಗ್ಗದ ಅಂಗಿಯೂ ಸಂತೆಯಲ್ಲಿ ಸಿಗುತ್ತದೆ. ಬೇಲೂರಿನ ಯಗಚಿ ಗೊರೂರಿನ ಹತ್ತಿರ ಹೇಮಾವತಿಯನ್ನು ಸೇರುತ್ತದೆ, ಹೇಮಾವತಿ ಕಾವೇರಿಯನ್ನು. ಅದೇ ಕಾವೇರಿಗೆ ಕೆಳಗೆ ಕರೂರಿನ ಸೀಮೆಯಲ್ಲಿ ನೊಯ್ಯಲ್ ಬಂದು ಕೂಡುತ್ತದೆ.